ರೇಷ್ಮೆ ಸುತ್ತಿದ ಇಂಜಿನ್ನು

"ಆರೇ ಅವೆ! ಇನ್ನೊಂದು ಎಲ್ಲೋಯ್ತು?"

ಈಶ್ವರಿ ಚಾಪೆ ಎತ್ತಿ ಕೊಡವಿದಳು. ನೀರಿನ ಹಂಡೆಯ ಹಿಂದೆ ಕೈ ಹಾಕಿ ತಡಕಿದಳು. ಆಮೇಲೆ ಮಗ್ಗದ ಗುಂಡಿಯೊಳಕ್ಕೇ ತಲೆ ತೂರಿಸಿದಳು. ಅಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುತ್ತಿದ್ದ ಅಪ್ಪ ಗುರುಸ್ವಾಮಿ ಬೆಚ್ಚಿಬಿದ್ದ.

"ಏನಮ್ಮಿ ಅದು, ನನ್ ಕಾಲ್ ಸಂದೀಲಿ? ನಾನ್ ಹಲಗೆ ತುಳುದ್ರೆ ನಿನ್ ಮೂಗು ದೋಸೆ ಆಯ್ತದೆ!"

"ಸಿಲಿಂಡರ್ ಅಪ್ಪ! ನನ್ನ ಇಂಜಿನ್ನಿನ ಏಳ್ನೇ ಸಿಲಿಂಡರ್!"

"ನಿನ್ ಜಡೇಲಿ ಸಿಗಾಕಂಡಿರದು ಏನು ಮತ್ತೆ?"

ಈಶ್ವರಿ ತಲೆ ಮುಟ್ಟಿ ನೋಡಿಕೊಂಡಳು. ಹೌದು, ಅಲ್ಲೇ ಇತ್ತು. ಕಳೆದು ಹೋಗಬಾರದೆಂದು ಬೆಳಿಗ್ಗೆ ಅವಳೇ ಜಡೆಗೆ ಸಿಕ್ಕಿಸಿಕೊಂಡಿದ್ದಳು. ನಾಲಿಗೆ ಕಚ್ಚಿಕೊಂಡು ಹಿತ್ತಿಲಿಗೆ ಓಡಿದಳು.

ಕೊಳ್ಳೇಗಾಲದ ಶಾಲೆಯ ಹಾಜರಿಯಲ್ಲಿ ಅವಳ ಹೆಸರು ಚೌಡೇಶ್ವರಿ. ಮನೆಯಲ್ಲಿ ಬರೀ ಈಶ್ವರಿ. ಐದನೇ ಕ್ಲಾಸು ಮುಗಿದು ಬೇಸಿಗೆ ರಜೆ ಬಂದಿತ್ತು. ಬೇರೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ ಇವಳು ಹಿತ್ತಿಲ ಜಗಲಿಯಲ್ಲಿ ಒಂದು ಗಾಡಿ ಕಟ್ಟುತ್ತಿದ್ದಳು. ಅಂತಿಂಥ ಗಾಡಿಯಲ್ಲ. ಮೂರು ಚಕ್ರದ ಮೇಲೆ ಓಡುವ, ವಿಮಾನದ ಇಂಜಿನ್ ಇರುವ ಗಾಡಿ!

ಹುಚ್ಚು ಹಿಡಿಸಿದ್ದು ದೇವಣ್ಣ ಮಾವ. ಅಮ್ಮನ ತಮ್ಮ. ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುವ ಕಡೆ ಕೆಲಸ. ಹಬ್ಬಕ್ಕೆ ಬಂದಾಗ ಒಂದು ಫೋಟೋ ತಂದು ಕೊಟ್ಟಿದ್ದ. ಮಾವನೂ ಅವನ ಗೆಳೆಯರೂ ಸೇರಿ, ಹಾರುವುದು ನಿಲ್ಲಿಸಿದ ಹಳೇ ವಿಮಾನವೊಂದರ ಇಂಜಿನ್ನನ್ನು ಮೂರು ಚಕ್ರದ ಗಾಡಿಯ ಹಿಂಭಾಗಕ್ಕೆ ಕೂರಿಸಿದ್ದರು. ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ಗಾಡಿ ಮುಂದಕ್ಕೆ ಓಡುತ್ತಿತ್ತು. ಫೋಟೋದಲ್ಲಿ ಇಬ್ಬರು ಗಾಡಿಯನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತಿದ್ದರು, ಮಾವನ ಶರಟು ಗಾಳಿಗೆ ಉಬ್ಬಿ ಡೊಳ್ಳಾಗಿತ್ತು.

"ಇದ್ರ ಮಾಡೆಲ್ ಮಾಡ್ತೀನಿ ಮಾವ," ಎಂದಿದ್ದಳು ಈಶ್ವರಿ.

"ಮಾಡು. ಆದ್ರೆ ಅಳತೆ ತಪ್ಪುದ್ರೆ ಅದು ಮಾಡೆಲ್ ಅಲ್ಲ ಕಣಮ್ಮಿ, ಬರೀ ಆಟದ ಸಾಮಾನು. ಗಾಡಿ ಒಂಬತ್ತಡಿ ಉದ್ದ ಅದೆ. ಒಂದಡಿಗೆ ಎರಡಿಂಚಿನ ಲೆಕ್ಕ ಇಟ್ಕೊ. ರಜದಲ್ಲಿ ಬಂದು ನೋಡ್ತೀನಿ."

ಅಳತೆ ಅವಳಿಗೆ ಹೊಸದಲ್ಲ. ಸೀರೆಯ ಅಂಚಿಗೆ ಹಂಸ ಬರಬೇಕಾದರೆ ಅಪ್ಪ ಮೊದಲು ಚೌಕುಳಿ ಹಾಳೆಯಲ್ಲಿ ಹಂಸ ಬರೆಯುತ್ತಿದ್ದ. ಒಂದು ಚೌಕಕ್ಕೆ ಇಷ್ಟು ಎಳೆ ಎಂದು ಲೆಕ್ಕ. ಅದನ್ನು ನೋಡುತ್ತಲೇ ಬೆಳೆದವಳು ಗಾಡಿಯನ್ನೂ ಹಾಳೆಯ ಮೇಲೆ ಇಳಿಸಿಬಿಟ್ಟಳು.

ಮುಲಾಮಿನ ಡಬ್ಬಿಗಳ ಮುಚ್ಚಳ ಚಕ್ರಗಳಾದವು. ಬೆರಳುಗಾತ್ರದ ಔಷಧಿ ಡಬ್ಬಿ ಪೆಟ್ರೋಲ್ ಟ್ಯಾಂಕಾಯಿತು. ಅಮ್ಮನ ಹೇರ್‌ಪಿನ್ನು ಬಾಗಿ ಸ್ಟೇರಿಂಗ್ ಆಯಿತು. ಫೋಟೋದಲ್ಲಿ ಕಂಡ ಬೋಲ್ಟುಗಳ ಜಾಗದಲ್ಲೆಲ್ಲ ಒಂದೊಂದು ಸಾಸಿವೆ ಕಾಳು ಅಂಟಿಕೊಂಡಿತು. ಬಿದಿರಿನ ಸೀಳು ಕೆತ್ತಿ ಫ್ಯಾನು ಮಾಡಿ, ಸೈಕಲ್ ಶಾಪಿನ ಮುತ್ತಯ್ಯ ಕೊಟ್ಟ ಟ್ಯೂಬಿನ ರಬ್ಬರು ಕಟ್ಟಿದಳು. ರಬ್ಬರನ್ನು ಬಿಗಿಯಾಗಿ ಸುತ್ತಿ ಬಿಟ್ಟರೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಪಕ್ಕದಲ್ಲಿ ಒಂದು ರಟ್ಟಿನ ತುಂಡು ಚಾಚಿಟ್ಟದ್ದರಿಂದ, ಅದಕ್ಕೆ ತಗುಲಿ ಟರ್ರ್ರ್ರ್ ಎಂಬ ಇಂಜಿನ್ ಸದ್ದು ಬೇರೆ.

"ಅಜ್ಜಿ ಮನಗಿರವಾಗ ಅದ್ನ ಟರ್ರ್ ಅನ್ನಿಸ್ಬ್ಯಾಡ," ಎಂದು ಅಮ್ಮ ವಸಂತಮ್ಮ ಆಗಾಗ ಗದರುತ್ತಿದ್ದಳು.

ಉಳಿದದ್ದು ಇಂಜಿನ್ ಒಂದೇ. ಮಾವನ ಇಂಜಿನ್ನಿಗೆ ನಡುವೆ ಒಂದು ಗುಂಡು, ಅದರ ಸುತ್ತ ಹೂವಿನ ಎಸಳಿನ ಹಾಗೆ ಏಳು ಸಿಲಿಂಡರು. ಬಿಸಿ ಆರಲೆಂದು ಪ್ರತಿ ಸಿಲಿಂಡರಿನ ಮೈಮೇಲೂ ಒತ್ತೊತ್ತಾಗಿ ತೆಳ್ಳನೆಯ ಬಳೆಗಳು. ಅಂಥ ಬಳೆ ಎಲ್ಲಿಂದ ತರುವುದು? ಯೋಚಿಸಿ ಯೋಚಿಸಿ ತಲೆ ಕೆಟ್ಟು ಕೂತಿದ್ದಾಗ ಅವಳ ಕಣ್ಣಿಗೆ ಬಿದ್ದದ್ದು ಕಂಡಿಕೆ.

ಸೀರೆಗೆ ಅಡ್ಡಲಾಗಿ ಹೋಗುವ ನೂಲನ್ನು ಬೆರಳುದ್ದದ ಕೊಳವೆಗೆ ಸುತ್ತಿದರೆ ಅದು ಕಂಡಿಕೆ. ಅದನ್ನು ಲಾಳಿಯೊಳಗೆ ಕೂರಿಸಿದರೆ ಲಾಳಿ ಆ ಕಡೆಗೂ ಈ ಕಡೆಗೂ ಓಡಾಡುತ್ತಾ ನೂಲು ಬಿಡುತ್ತದೆ. ಈ ಮನೆಯಲ್ಲಿ ಕಂಡಿಕೆ ಸುತ್ತುವುದು ಅಜ್ಜಿ ಮಹದೇವಮ್ಮನ ಕೆಲಸ. ಮದುವೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತವಳು, ಕಣ್ಣಿಗೆ ಪೊರೆ ಬಂದ ಮೇಲೂ ಎದ್ದಿರಲಿಲ್ಲ.

"ಅಮ್ಮ, ಹಿತ್ಲ ಪುಟ್ಟೀಲಿರೋ ಕಂಡಿಕೆ ಏಳು ಕೊಡ್ತೀಯಾ?" ಎಂದು ಈಶ್ವರಿ ಕೇಳಿದಾಗ ಅಮ್ಮನ ಮುಖ ಚಿಕ್ಕದಾಯಿತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅವು ನಿಮ್ಮಜ್ಜಿ ಸುತ್ತಿದ್ದು ಕಣಮ್ಮಿ. ಈಚೀಚ್ಗೆ ಅವ್ರ ಎಡಗೈ ನಡುಗ್ತದೆ. ನೂಲು ಸಡ್ಲ ಬತ್ತದೆ. ಲಾಳೀಗಾಕುದ್ರೆ ಸೀರೆ ಮೇಲೆ ಗುಂಜು ಗುಂಜು. ಅದ್ಕೆ ಆ ಪುಟ್ಟೀಗ್ ಹಾಕಿಟ್ಟು, ಅವ್ರು ಮನಗ್ದಾಗ ನಾನು ಬಿಚ್ಚಿ ಬೇರೆ ಸುತ್ತೀನಿ. ಕೆಲವು ಬಿಚ್ಚಕ್ಕೂ ಬರಲ್ಲ, ಅಷ್ಟು ಸಿಕ್ಕು. ಅವ್ನ ತಕ. ಆದ್ರೆ ಅಜ್ಜಿ ಮುಂದೆ ತುಟಿ ಬಿಚ್ಚೀಯೆ, ಜೋಕೆ!"

ಈಶ್ವರಿ ತುಟಿ ಬಿಚ್ಚಲಿಲ್ಲ. ಜಡೆಯಲ್ಲಿ ಸಿಕ್ಕಿದ್ದೂ ಸೇರಿ, ನೇರಳೆ ಬಣ್ಣದ ರೇಷ್ಮೆ ಸುತ್ತಿದ ಏಳು ಕಂಡಿಕೆಗಳನ್ನು ಮರದ ಬಿಲ್ಲೆಯ ಸುತ್ತ ಅಂಟಿಸಿದಳು. ಒಳಗೆ ಎಷ್ಟೇ ಸಿಕ್ಕಿದ್ದರೂ, ಮೇಲಿನ ನೂಲಿನ ಸುತ್ತುಗಳು ಥೇಟ್ ಸಿಲಿಂಡರಿನ ಬಳೆಗಳಂತೆಯೇ ಕಂಡವು. ಇಂಜಿನ್ನನ್ನು ಗಾಡಿಗೆ ಕೂರಿಸಿ ದೂರ ನಿಂತು ನೋಡಿದಳು. ಫೋಟೋದ ಗಾಡಿಯೇ ಕುಗ್ಗಿ ಬಂದು ಜಗಲಿಯ ಮೇಲೆ ಕೂತಿತ್ತು! ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಖುಷಿಯಲ್ಲಿ ಬುದ್ಧಿ ಎಲ್ಲಿರುತ್ತದೆ? ಗಾಡಿಯನ್ನು ಎತ್ತಿಕೊಂಡು ಸೀದಾ ಅಜ್ಜಿಯ ಮಡಿಲಲ್ಲಿ ಇಟ್ಟಳು.

"ಅಜ್ಜಿ, ನೋಡು, ನನ್ನ ಇಮಾನದ ಗಾಡಿ!"

ಅಜ್ಜಿ ನೋಡುವುದೆಂದರೆ ಬೆರಳಿನಿಂದ. ಅವಳ ಬೆರಳುಗಳು ಚಕ್ರ ಮುಟ್ಟಿದವು, ಸೀಟು ಮುಟ್ಟಿದವು, ಸಾಸಿವೆ ಬೋಲ್ಟುಗಳನ್ನು ಮುಟ್ಟಿ ನಕ್ಕವು. "ಅಯ್ಯೋ ನನ್ ಕಂದ, ಒಗ್ಗರಣೆ ಸಾಮಾನೆಲ್ಲ ಇಲ್ಲೇ ಅದಲ್ಲ!" ಆಮೇಲೆ ಬೆರಳು ಇಂಜಿನ್ನಿಗೆ ಬಂತು. ಒಂದು ಸಿಲಿಂಡರಿನ ಮೇಲೆ ನಿಂತಿತು. ಮುಂದಿನದಕ್ಕೆ ಹೋಯಿತು. ಅಲ್ಲೂ ನಿಂತಿತು.

ಕಂಡಿಕೆ ತುಂಬಿದ ಮೇಲೆ ನೂಲಿನ ತುದಿಯನ್ನು ಎಲ್ಲರೂ ಹಾಗೇ ಬಿಡುತ್ತಾರೆ. ಅಜ್ಜಿ ಮಾತ್ರ ತುದಿ ಮಡಿಸಿ, ಕೊನೆಯ ಸುತ್ತಿನ ಅಡಿಗೆ ತೂರಿಸಿ, ಅಕ್ಕಿ ಕಾಳಿನಷ್ಟು ಚಿಕ್ಕ ಕುಣಿಕೆ ಬಿಡುತ್ತಿದ್ದಳು. ಮಗ ಎಳೆದ ಕೂಡಲೇ ಸಲೀಸಾಗಿ ಬಿಚ್ಚಿಕೊಳ್ಳಲಿ ಎಂದು. ಏಳು ಸಿಲಿಂಡರಿನಲ್ಲೂ ಆ ಕುಣಿಕೆ ಇತ್ತು. ಈಶ್ವರಿ ಅದನ್ನು ಗಮನಿಸಿಯೇ ಇರಲಿಲ್ಲ.

"ಇವು ಯಾರು ಸುತ್ತಿದ್ದು ಮಗ?"

"ಯಾರ್ದೋ... ಹಳೇವು ಅಜ್ಜಿ."

"ಊಂ," ಎಂದಳು ಅಜ್ಜಿ. ಗಾಡಿಯನ್ನು ವಾಪಸು ಕೊಟ್ಟಳು. "ಚೆಂದಾಗದೆ. ಜೋಪಾನ."

ಮಾರನೆಯ ಬೆಳಿಗ್ಗೆ ಅಜ್ಜಿ ರಾಟೆಯ ಮುಂದೆ ಕೂರಲಿಲ್ಲ. ಬೀದಿ ಜಗಲಿಯಲ್ಲಿ ಕಂಬಕ್ಕೊರಗಿ ಕೂತಳು.

"ಯಾಕತ್ತೆಮ್ಮ, ಉಷಾರಿಲ್ವಾ?" ಎಂದು ಅಮ್ಮ ಕೇಳಿದರೆ, "ಬೆರಳು ನೋಯ್ತದೆ ವಸಂತ, ಇನ್ನು ಸಾಕು," ಎಂದಳು. ಅಮ್ಮ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದಳು. ಅಪ್ಪ ಮಗ್ಗದಿಂದ ಎದ್ದು ಬಂದು, "ಅವ್ವಾ, ನೀನು ಕೂತ್ಕಳ್ದಿದ್ರೆ ನಂಗೆ ಮಗ್ಗದಲ್ಲಿ ಕೈ ಓಡಕ್ಕಿಲ್ಲ," ಎಂದ. ಅಜ್ಜಿ ಅವನ ತಲೆ ಸವರಿದಳು.

ರಾಟೆಯ ಕಿರ್ ಕಿರ್ ಇಲ್ಲದೆ ಮನೆ ಬೇರೆ ಯಾರದೋ ಮನೆಯ ಹಾಗಾಯಿತು. ಅದರ ಮಾರನೆಯ ದಿನವೂ ಹಾಗೇ. ಯಾಕೆಂದು ಗೊತ್ತಿದ್ದವಳು ಈಶ್ವರಿ ಒಬ್ಬಳೇ. ಗಾಡಿಯ ಕಡೆ ನೋಡಲೂ ಮನಸ್ಸಾಗಲಿಲ್ಲ.

ಮಧ್ಯಾಹ್ನ ಅಮ್ಮ ನೀರಿಗೆ ಹೋದಾಗ ಅವಳು ಗಾಡಿಯಿಂದ ಇಂಜಿನ್ನನ್ನು ಪಟ್ಟನೆ ಕಿತ್ತಳು. ಎರಡು ಸಾಸಿವೆ ಕಾಳು ಉದುರಿದವು. ಇಂಜಿನ್ನನ್ನು ಅಜ್ಜಿಯ ಕೈಗಿಟ್ಟಳು.

"ತಕ ಅಜ್ಜಿ. ನಿನ್ ಕಂಡಿಕೆ. ನಂಗೆ ಗಾಡೀನೂ ಬ್ಯಾಡ, ಏನೂ ಬ್ಯಾಡ. ನೀನು ರಾಟೆ ಮುಂದೆ ಕೂತ್ಕೊ." ಅಷ್ಟು ಹೇಳುವಷ್ಟರಲ್ಲಿ ಅಳು ಬಂದೇ ಬಿಟ್ಟಿತು.

"ಅಯ್ಯೋ, ನಿಮ್ ಮಾವ ಬಂದು ಇಂಜಿನ್ ಇಲ್ದಿರ ಗಾಡಿ ನೋಡಾನಾ?" ಅಜ್ಜಿ ಅವಳನ್ನು ಹತ್ತಿರ ಎಳೆದುಕೊಂಡಳು. "ಯಾಕಮ್ಮಿ ಅಳದು? ನಿಮ್ಮಮ್ಮ ಬಿಚ್ಚಿ ಸುತ್ತದು ನಂಗೊತ್ತು."

ಈಶ್ವರಿಯ ಅಳು ನಿಂತುಹೋಯಿತು. "ಗೊತ್ತಾ?"

"ಕಣ್ ಓಗವೆ, ಕಿವಿ ಓಗಿಲ್ಲ. ನಾನು ಮನಗ್ದೇಟ್ಗೆ ಇತ್ಲಲ್ಲಿ ರಾಟೆ ಕಿರ್ ಅಂತದೆ. ನಂಗೆ ಎಚ್ಚರ ಆದದು ಅಂತ ಪಾಪ, ಒಂದ್ ಸುತ್ತು ತಿರುಗಿಸ್ತಾಳೆ, ನಿಲ್ಸ್ತಾಳೆ. ಇನ್ನೊಂದ್ ಸುತ್ತು, ನಿಲ್ಸ್ತಾಳೆ. ಅರ್ಧ ಗಂಟೆ ಕೆಲ್ಸ ಸಂಜೆಗಂಟ ಆಯ್ತದೆ ಅವ್ಳಿಗೆ. ನಂಗೆ ಗೊತ್ತು ಅಂತ ಗೊತ್ತಾದ್ರೆ ನೊಂದ್ಕತಾಳೆ. ಅವ್ಳಿಗೆ ಏಳ್ಬ್ಯಾಡ ನೀನು."

"ಮತ್ತೆ ಈಗ್ಯಾಕೆ ಬುಟ್ಬುಟ್ಟೆ?"

ಅಜ್ಜಿ ಇಂಜಿನ್ನಿನ ಮೇಲೆ ಹೆಬ್ಬೆರಳು ಆಡಿಸಿದಳು. "ಬಿಚ್ಚಿ ಸುತ್ತುದ್ರೂ ಕೊನೇಗೆ ಸೀರೆಗೇ ಓಯ್ತದಲ್ಲ ಅನ್ಕಂಡಿದ್ದೆ. ಇವು ಬಿಚ್ಚಕ್ಕೂ ಬರ್ನಿಲ್ವಲ್ಲ ಮಗ. ರೇಷ್ಮೆ ಕಣವ್ವ ಅದು. ನನ್ ಕೈಲಿ ರೇಷ್ಮೆ ಹಾಳಾಯ್ತಾ ಅದೆ ಅಂತ ನಂಗೆ ಗೊತ್ತಿರ್ನಿಲ್ಲ."

 ಈಶ್ವರಿ ಅಜ್ಜಿಯ ಕೈಗಳನ್ನೇ ನೋಡಿದಳು. ನೂಲು ಹಿಡಿಯುವ ಎಡಗೈ ನಡುಗುತ್ತಿತ್ತು. ರಾಟೆ ತಿರುಗಿಸುವ ಬಲಗೈ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಅಜ್ಜಿ, ನೀನು ರಾಟೆ ತಿರುಗ್ಸು. ನೂಲು ನಾನ್ ಇಡ್ಕತೀನಿ."

"ನಿಂಗ್ ಬತ್ತದಾ?"

"ಬರಲ್ಲ. ನೀನ್ ಏಳ್ಕೊಡು."

ಇಬ್ಬರೂ ಒಂದೇ ರಾಟೆಯ ಮುಂದೆ ಕೂತರು. "ಬಿಗಿ ಇಡ್ಕೊ. ಅಷ್ಟ್ ಬಿಗಿ ಬ್ಯಾಡ, ಕಿತ್ತೋದದು! ಮುಂದಕ್ಕೋಗು. ಹಿಂದಕ್ಕೆ ಬಾ," ಎಂದು ಅಜ್ಜಿ ಬೈಯುತ್ತಾ ತಿರುಗಿಸಿದಳು. ಮೊದಲ ಕಂಡಿಕೆ ನಡುವೆ ಬಸುರಿಯಾಗಿ, ತುದಿಯಲ್ಲಿ ಬಡಕಲಾಗಿ ಬಂತು. ಅಜ್ಜಿ ಮುಟ್ಟಿ ನೋಡಿ ಎರಡು ದಿನದ ಮೇಲೆ ಮೊದಲ ಸಲ ನಕ್ಕಳು.

"ನನ್ನುದ್ಕಿಂತ ಕಡೆ ಕಣಮ್ಮಿ ಇದು! ಆದ್ರೆ ಸಿಕ್ಕಾಗಿಲ್ಲ. ಬಿಚ್ಚುದ್ರೆ ಬತ್ತದೆ." ತುದಿ ಮಡಿಸಿ ತನ್ನ ಕುಣಿಕೆಯನ್ನೂ ಬಿಟ್ಟಳು.

ನೀರಿನ ಬಿಂದಿಗೆ ಸೊಂಟದಲ್ಲೇ ಇಟ್ಟುಕೊಂಡು ಅಮ್ಮ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಬಿಂದಿಗೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಆ ವಿಚಿತ್ರ ಕಂಡಿಕೆಯನ್ನು ಕೈಗೆ ತೆಗೆದುಕೊಂಡಳು. "ಚೆನ್ನಾಗ್ ಬಂದದೆ ಅತ್ತೆಮ್ಮ," ಎಂದಳು. ಹೇಳಿ, ಅದನ್ನು ಮಗ್ಗದ ಹತ್ತಿರ ಇಡದೆ ಹಿತ್ತಿಲ ಪುಟ್ಟಿಗೆ ಹಾಕಿದಳು. ಈಶ್ವರಿ ಅದನ್ನು ನೋಡಿದಳು. ನೋಡಿ, ಬಾಯಿ ಮುಚ್ಚಿಕೊಂಡು ಇನ್ನೊಂದು ಕೊಳವೆ ತೆಗೆದುಕೊಂಡಳು.

ಭಾನುವಾರ ಸಂಜೆಯ ಬಸ್ಸಿಗೆ ದೇವಣ್ಣ ಮಾವ ಬರುವುದಿತ್ತು. ಇಂಜಿನ್ನು ಮತ್ತೆ ಗಾಡಿಯ ಮೇಲೇರಿತ್ತು. "ಸೀರೆ ಆಗ್ದಿದ್ರೆ ಏನಂತೆ, ಇಮಾನಾರ ಆಯ್ತಲ್ಲ," ಎಂದು ಅಜ್ಜಿಯೇ ಕೂರಿಸಿಕೊಟ್ಟಿದ್ದಳು. ಉದುರಿದ ಎರಡು ಬೋಲ್ಟಿಗೆ ಹೊಸ ಸಾಸಿವೆ ಬಂದಿತ್ತು.

ಅಂದು ಮಧ್ಯಾಹ್ನ ಊಟವಾಗಿ ಅಜ್ಜಿ ಒಳಕೋಣೆಯಲ್ಲಿ ಮಲಗಿದಳು. ಪಕ್ಕದಲ್ಲಿ ಗಾಡಿ ಇಟ್ಟುಕೊಂಡು ಈಶ್ವರಿಯೂ ಉರುಳಿಕೊಂಡಳು. ಸ್ವಲ್ಪ ಹೊತ್ತಿಗೆ ಅಮ್ಮ ಕಾಲಿನ ಸದ್ದಾಗದಂತೆ ಬಂದು ರಾಟೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಕಿರ್... ನಿಂತಿತು. ಕಿರ್... ನಿಂತಿತು.

ಈಶ್ವರಿ ಅಜ್ಜಿಯ ಮುಖ ನೋಡಿದಳು. ಕಣ್ಣು ಮುಚ್ಚಿತ್ತು. ಮುಚ್ಚಿದ ರೆಪ್ಪೆ ಮಾತ್ರ ಪ್ರತಿ ಕಿರ್‌ಗೂ ಅಲುಗುತ್ತಿತ್ತು.

ಅವಳು ಮೆಲ್ಲಗೆ ಎದ್ದು ಕೂತಳು. ಗಾಡಿಯ ರಬ್ಬರನ್ನು ಸುತ್ತಿ ಬಿಟ್ಟಳು.

ಟರ್ರ್ರ್ರ್ರ್ರ್!

ಹಿತ್ತಿಲಿನಿಂದ ಬೈಗುಳ ಬರಲಿಲ್ಲ. ಬದಲಿಗೆ ಇಂಜಿನ್ ಸದ್ದಿನ ಮರೆಯಲ್ಲಿ ರಾಟೆ ಒಂದೇ ಸಮನೆ, ಭರಭರನೆ ತಿರುಗತೊಡಗಿತು. ಫ್ಯಾನು ನಿಂತಿತು. ರಾಟೆಯೂ ನಿಂತಿತು.

"ಇನ್ನೊಂದ್ ಸಲ ಬುಡು ಮಗ," ಎಂದು ಪಿಸುಗುಟ್ಟಿದಳು ಅಜ್ಜಿ, ಕಣ್ಣು ತೆರೆಯದೆಯೇ. "ಪುಟ್ಟೀಲಿ ಇನ್ನೂ ಮೂರು ಕಂಡಿಕೆ ಅವೆ."

ಈಶ್ವರಿ ಮೂರು ಕಂಡಿಕೆಗೆ ಸಾಲುವಂತೆ ರಬ್ಬರನ್ನು ಬಿಗಿಯಾಗಿ ಸುತ್ತತೊಡಗಿದಳು.