ಖಾರವೇ ಇಲ್ಲ

"ಕುಡಿಯೇ, ಏನೂ ಆಗಲ್ಲ. ಖಾರವೇ ಇಲ್ಲ," ಎಂದು ಸಿತ್ಲಾಲಿ ಲೋಟವನ್ನು ಬ್ರೆಂಡಾಳ ಕೈಗಿಟ್ಟಳು.

ಲೋಟದ ತುಂಬ ಮಾವಿನ ಹಣ್ಣಿನ ಐಸ್. ಅದರ ಮೇಲೆ ಹುಳಿ, ಸಿಹಿ, ಖಾರದ ಕೆಂಪು ಸಾಸ್. ಅಂಚಿಗೆಲ್ಲ ಖಾರದ ಪುಡಿ, ನಡುವೆ ಹುಣಸೆಹಣ್ಣು ಮೆತ್ತಿದ ಸ್ಟ್ರಾ. ಗ್ವಾದಲಹಾರಾ ಊರಿನ ಬಿಸಿಲಿಗೆ ಈ ಮಾಂಗೊನಾದಾ ಬಿಟ್ಟರೆ ಬೇರೆ ಮದ್ದುಂಟೇ?

ಬ್ರೆಂಡಾ ಸಿತ್ಲಾಲಿಯ ಚಿಕ್ಕಮ್ಮನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಶಿಕಾಗೋದಲ್ಲಿ, ಅಜ್ಜಿ ಮನೆಗೆ ಬಂದದ್ದು ಇದೇ ಮೊದಲು. ಅಕ್ಕ ತಂಗಿಯರಿಲ್ಲದ ಸಿತ್ಲಾಲಿ ಅವಳಿಗಾಗಿ ವರ್ಷವಿಡೀ ಕಾದಿದ್ದಳು.

ಬ್ರೆಂಡಾ ದೊಡ್ಡ ಗುಟುಕೊಂದನ್ನು ಎಳೆದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು! ಬೀದಿಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿತ್ಲಾಲಿಯೂ ನಕ್ಕುಬಿಟ್ಟಳು.

"ನೀನು ಸುಳ್ಳುಬುರುಕಿ," ಎಂದ ಬ್ರೆಂಡಾ ಮನೆಗೆ ಓಡಿದಳು.

ಊಟಕ್ಕೆ ಕೂತಾಗ ಅವಳು ಜಾಗ ಬದಲಿಸಿ ಅಜ್ಜಿಯ ಪಕ್ಕ ಸೇರಿಕೊಂಡಳು. ಸಿತ್ಲಾಲಿ ರೊಟ್ಟಿ ಮುರಿಯುತ್ತ ಯೋಚಿಸಿದಳು. ತಾನೆಲ್ಲಿ ಸುಳ್ಳು ಹೇಳಿದೆ? ಎಲ್ಲರೂ ಹೇಳುವುದೇ ಹಾಗೆ. ಎದುರಿಗೆ ಮಾವ ಅಜ್ಜಿಯ ಹಸಿಮೆಣಸಿನ ಚಟ್ನಿ ತಿನ್ನುತ್ತ, ಹಣೆಯ ಬೆವರು ಒರೆಸಿಕೊಳ್ಳುತ್ತ, "ಇವತ್ತು ಖಾರವೇ ಇಲ್ವಲ್ಲಮ್ಮಾ" ಎನ್ನುತ್ತಿದ್ದ.

ಮರುದಿನ ಶಾಲೆ ಬಿಟ್ಟ ಮೇಲೆ ಸಿತ್ಲಾಲಿ ಬ್ರೆಂಡಾಳನ್ನು ಕಾಡಿಬೇಡಿ ಮಾಂಗೊನಾದಾ ಅಂಗಡಿಗೆ ಕರೆದುಕೊಂಡು ಹೋದಳು. ಎರಡು ಲೋಟ ಹೇಳಿ, ಒಂದಕ್ಕೆ ಸಾಸೂ ಬೇಡ, ಪುಡಿಯೂ ಬೇಡ ಎಂದಳು.

ಅಂಗಡಿಯ ಒಡತಿ ಚೆಲಾ ಅಜ್ಜಿ ಹುಬ್ಬೇರಿಸಿದರು. "ಅದೂ ಒಂದು ಮಾಂಗೊನಾದಾನಾ? ಹಲ್ಲು ಬರದ ಕೂಸಿಗೇನೇ?"

ಬೀದಿಯ ಮಕ್ಕಳು ಕಿಸಕ್ಕನೆ ನಕ್ಕರು. ಈ ಸಲ ಸಿತ್ಲಾಲಿ ನಗಲಿಲ್ಲ. "ನನ್ನ ತಂಗಿಗೆ. ಅವಳಿಗೆ ಹಾಗೇ ಬೇಕು," ಎಂದಳು. ಆಮೇಲೆ ಬ್ರೆಂಡಾಳ ಕಡೆ ತಿರುಗಿ, "ನಿನ್ನೆ ನಾನು ನಗಬಾರದಿತ್ತು," ಎಂದಳು.

ಸಿತ್ಲಾಲಿ ತನ್ನ ಖಾರದ ಲೋಟ ಹೀರುತ್ತಿದ್ದಂತೆ ಬ್ರೆಂಡಾ ತನ್ನದನ್ನು ಅರ್ಧ ಮುಗಿಸಿದಳು. ಆಮೇಲೆ ಸಿತ್ಲಾಲಿಯ ಲೋಟದ ಕೆಂಪು ಅಂಚಿಗೆ ಬೆರಳೊತ್ತಿ ನಾಲಿಗೆಗೆ ಹಚ್ಚಿಕೊಂಡಳು. ಮೂಗು ಕೆಂಪಾಯಿತು, ಕಣ್ಣು ತುಂಬಿತು. ನಗುತ್ತಿದ್ದ ಮಕ್ಕಳತ್ತ ತಿರುಗಿ ಗತ್ತಿನಿಂದ ಹೇಳಿದಳು:

"ಖಾರವೇ ಇಲ್ಲ."

ಸಿತ್ಲಾಲಿ ಅವಳ ಮುಖವನ್ನೇ ನೋಡಿದಳು. ಮಾವನ ಬೆವರು ನೆನಪಾಯಿತು. ಮೆಲ್ಲಗೆ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡಳು. ಅದೂ ಒದ್ದೆಯಾಗಿತ್ತು.

ಕರ್ಚೀಫು ತೆಗೆದು ಮೊದಲು ತಂಗಿಗೆ ಕೊಟ್ಟು, ಆಮೇಲೆ ತಾನೂ ಒರೆಸಿಕೊಂಡಳು.