ನೆಟ್ಟನೆಯ ಬೆನ್ನು, ಇಳಿಬಿದ್ದ ಪಾದ

ಒಬ್ಬ ಒಂಟಿ ಗಂಡಸಿಗೆ ತಿಂಗಳಿಗೆ ಎಷ್ಟು ಹೊಸ ಶರ್ಟು ಬೇಕಾದೀತು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಲೋಕದ ಕ್ಷೇಮವೇ ಅದರ ಮೇಲೆ ನಿಂತಿದೆ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನ ಆ ತಿಂಗಳ ನಾಲ್ಕನೆಯದಕ್ಕೆ ಬಟ್ಟೆ ಹಿಡಿದು ಬಂದಾಗ ಟೈಲರಮ್ಮ ಟೇಪು ತೆಗೆದುಕೊಂಡು ಎದ್ದಳು.

"ಹೋದ ವಾರದ ಅಳತೆ ಇದೆಯಲ್ಲ?"

"ಸ್ವಲ್ಪ ದಪ್ಪ ಆಗಿರಬಹುದು."

"ವಾರದಲ್ಲಾ? ಏನು ತಿಂತೀರಿ, ಪ್ರೆಸ್ಸಿನ ಕಾಗದಾನಾ?"

ತನ್ನ ಬೆನ್ನುಮೂಳೆ ಬಾಗಿದ್ದ ಕಾಲದಲ್ಲಿ ಅಳತೆ ತೆಗೆಯುವಾಗ ಅವಳ ಕಣ್ಣಿಗೆ ಸಿಗುತ್ತಿದ್ದುದು ಅವನ ಎರಡನೇ ಗುಂಡಿ. ಆಪರೇಷನ್ನಿನಲ್ಲಿ ರಾಡು, ಸ್ಕ್ರೂ ಕೂರಿಸಿ ಬೆನ್ನು ನೆಟ್ಟಗೆ ಮಾಡಿದ ಮೇಲೆ ಅವನ ಕಣ್ಣುಗಳೇ ಎದುರಾಗುತ್ತಿದ್ದವು. ಜೊತೆಗೆ ತೊಂದರೆಯೊಂದೂ ಬಂದಿತ್ತು: ನರಕ್ಕೆ ಪೆಟ್ಟಾಗಿ ಬಲಪಾದ ಮೇಲೇಳದು. ಅದನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಎಡಗಾಲಲ್ಲೇ ಮೆಷಿನ್ ತುಳಿಯುತ್ತಿದ್ದಳು.

ಟೇಪು ಎದೆಯನ್ನು ಸುತ್ತಿತು. ಅವನು ಉಸಿರು ಬಿಗಿಹಿಡಿದ.

"ಉಸಿರು ಬಿಡಿ. ಇದು ಎಕ್ಸ್‌ರೇ ಅಲ್ಲ."

ಬೆಂಚಿನ ಮೇಲಿದ್ದ ಅವಳ ಅಣ್ಣ ಗೊಣಗಿದ: "ಅಂಗಡಿ ಮುಚ್ಚಿ ಮನೇಲಿರು ಅಂದ್ರೆ ಕೇಳಲ್ಲ. ಆಪರೇಷನ್ ಬೇಡ ಅಂದಾಗಲೂ ಕೇಳಲಿಲ್ಲ. ಈಗ ಅನುಭವಿಸು."

ಪ್ರೆಸ್ಸಿನವನ ಮುಖ ಸಪ್ಪಗಾಯಿತು. "ಮಾಡಿಸ್ಕೊಳ್ಳಿ ಅಂತ ಹೇಳಿದೋನು ನಾನೇ. ಅದಕ್ಕೇ, ಪ್ರತಿ ಸಲ ಒಂದು ಮಾತು ಕೇಳೋಣ ಅಂತ ಬಂದು, ಕೇಳದೇ ಹೋಗ್ತೀನಿ. ಈಗ ಕೇಳಿದ್ರೆ ಪ್ರಾಯಶ್ಚಿತ್ತ ಅಂದ್ಕೊಳ್ತೀರಿ."

ಟೈಲರಮ್ಮ ಟೇಪು ಬಿಡಲಿಲ್ಲ. ಹಾಗಾಗಿ ಅವನೂ ಅಲುಗುವಂತಿರಲಿಲ್ಲ.

"ನೀವು ಹೇಳಿದ್ರಿ ಅಂತ ಕೊಯ್ಸಿಕೊಳ್ಳೋಕೆ ನನ್ನ ಬೆನ್ನೇನು ಪ್ಯಾಂಟಿನ ಅಂಚಾ? ನೋವು ನಂದು, ನಿರ್ಧಾರ ನಂದು. ನರಕ್ಕೆ ಪೆಟ್ಟಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ರು; ಕೇಳಿಸ್ಕೊಂಡೇ ಆಪರೇಷನ್ನಿಗೆ ಮಲಗಿದೆ. ಬಾಗಿದ ಬೆನ್ನು ನೆಟ್ಟಗಾಗಿ ಅಂಗಾತ ಮಲಗೋ ಸುಖ ನಿಮಗೇನು ಗೊತ್ತು? ನನ್ನ ನಿರ್ಧಾರಾನ ನೀವು ಕದೀಬೇಡಿ. ಏನು ಕೇಳಬೇಕೋ ಕೇಳಿ."

"ಅಣ್ಣನ ಎದುರಿಗಾ?"

"ಅವನ ಕಿವಿ ಚೆನ್ನಾಗೇ ಇದೆ."

"ನನ್ನ ಮದುವೆ ಆಗ್ತೀರಾ?" ಎಂದ, ಮೀಸೆಯೊಳಗೇ.

"ಕಾಲೇ ಏಳ್ತಿಲ್ಲ, ಮದುವೆಯಂತೆ!" ಅಣ್ಣ ಎದ್ದು ನಿಂತ.

"ಮದುವೆ ಏನು ಓಟದ ಪಂದ್ಯನಾ ಅಣ್ಣ?" ಎಂದಳು, ಎದುರಿನ ಕಣ್ಣುಗಳಿಂದ ದೃಷ್ಟಿ ಕೀಳದೆ. "ಆಗ್ತೀನಿ. ಕಾಲು ಸರಿಹೋದ್ರೂ, ಹೋಗದಿದ್ರೂ."

ಮುಂದಿನ ತಿಂಗಳು ಅವರ ಮದುವೆಯಾಯಿತು. ಅಣ್ಣ ಬರಲಿಲ್ಲ. ಪಾದ ಅರ್ಧದಷ್ಟು ಮಾತ್ರ ಸುಧಾರಿಸಿತು. ಅಂಗಡಿ ಮುಚ್ಚಲಿಲ್ಲ.