ಕೊಂಪಿ ಬಂದರೆ ನಿಲ್ಲು

ಕಂಪ್ಯೂಟರಿನ ಪರದೆಯ ಮೇಲೆ ಮೆಟ್ರೋ ರೈಲು ಸುತ್ತುತ್ತಲೇ ಇತ್ತು. ಸ್ಟೇಷನ್ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಸ್ಟೇಷನ್ನಿನಲ್ಲಿ ನಿಲ್ಲಬೇಕಾದ ರೈಲು ಪ್ರಣಿತಾಳ ಮಾತು ಕೇಳುವ ಹಾಗೆ ಕಾಣಲಿಲ್ಲ.

ಪಕ್ಕದ ಬಸವಕುಮಾರ ಕಿಸಕ್ಕನೆ ನಕ್ಕ. ಪ್ರಣಿತಾಳಿಗೆ ಅಳುವೇ ಬಂತು. ನಾಳೆ ನಿಲಂಗಾ, ಉದಗೀರದ ಶಿಕ್ಷಕರು ಗುಂಜೋಟಿಯ ಈ ಶಾಲೆಗೆ ಬರುವವರಿದ್ದರು. ಕಂಪ್ಯೂಟರ್ ಪಾಠ ಹೇಗಿರಬೇಕೆಂದು ಎಲ್ಲರೂ ಕೂಡಿ ಯೋಚಿಸುವುದಿತ್ತು. ಅವರ ಮುಂದೆ ಈ ರೈಲಿನ ಪ್ರೋಗ್ರಾಮ್ ತೋರಿಸುತ್ತೇನೆಂದು ಇವಳೇ ಕೈ ಎತ್ತಿದ್ದಳು.

“ನಾ ಒಲ್ಲೆರೀ ಮೇಡಂ. ರೂಪಾಲಿ ತೋರಸ್ಲಿ.”

ಕಂಪ್ಯೂಟರ್ ಕಲಿಸುವ ಉಜ್ವಲಾ ಮೇಡಂ ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೆಟ್ರೋ ನೋಡಿದ್ದೀಯಾ ಎಂದು ಕೇಳಿದರು. ಪ್ರಣಿತಾ ಉಮರ್ಗಾದ ಬಸ್‌ಸ್ಟ್ಯಾಂಡ್ ಬಿಟ್ಟು ಏನೂ ನೋಡಿರಲಿಲ್ಲ.

“ಹಂಗಾರ ನಿಮ್ಮ ಮನ್ಯಾಗ ಸುತ್ತು ಹಾಕೋದು ಏನೈತಿ, ಹೇಳು.”

ಪ್ರಣಿತಾ ಯೋಚಿಸಿದಳು. ಎಳ್ಳಮಾಸಿ ಹಬ್ಬಕ್ಕೆ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರಲ್ಲ! ಜೋಳದ ಕಣಿಕೆಯಿಂದ ಗುಡಿಸಲಿನ ಹಾಗೆ ಕಟ್ಟಿದ ಪುಟ್ಟ ಕೊಂಪಿಯಲ್ಲಿ ಪೂಜೆ ಮಾಡಿ, ಅಜ್ಜ ಅಂಬಲಿ ಚೆಲ್ಲುತ್ತಾ ಹೊಲದ ಸುತ್ತ ನಡೆಯುತ್ತಾನೆ. ಮಕ್ಕಳೆಲ್ಲ ಕೂಗುತ್ತಾ ಹಿಂದೆ ಹೋಗುತ್ತಾರೆ. ಸೊಲ್ಲಾಪುರದ ಪೇಟೆಯಲ್ಲಿ ಬೆಳೆದ ಮೇಡಂಗೆ ಇದೆಲ್ಲ ಹೊಸದು. ಕಣ್ಣರಳಿಸಿ ಕೇಳಿದರು.

“ಎಲ್ಲಿ ನಿಲ್ಲತೀರಿ?”

“ಕೊಂಪಿ ಮುಂದ. ಹೆಜ್ಜಿ ಹೆಜ್ಜಿಗೂ ಕೊಂಪಿ ಬಂತೇನು ಅಂತ ನೋಡಕೋತ ಹೋಗತೇವ್ರೀ.”

ಹಾಗೆಂದವಳೇ ಪರದೆಯ ಕಡೆ ತಿರುಗಿದಳು. ‘ಸ್ಟೇಷನ್ ಬಂದರೆ ನಿಲ್ಲು’ ಎಂಬ ಆಜ್ಞೆಯ ಬ್ಲಾಕನ್ನು ಅವಳು ‘ಸುತ್ತು’ ಬ್ಲಾಕಿನ ಹೊರಗೆ, ಮೇಲ್ಗಡೆ ಇಟ್ಟಿದ್ದಳು. ರೈಲು ಹೊರಡುವಾಗ ಒಮ್ಮೆ ನೋಡಿದ್ದು, ಮತ್ತೆ ನೋಡಿರಲೇ ಇಲ್ಲ. ಬ್ಲಾಕನ್ನು ಒಳಗೆ ಎಳೆದಳು. ರೈಲು ಸ್ಟೇಷನ್ನಿನಲ್ಲಿ ನಿಂತಿತು.

ಮೇಡಂ ಅವತ್ತೇ ಮೆಟ್ರೋ ಬಿಟ್ಟು ಚರಗದ ಪಾಠ ಬರೆಯಲು ಕೂತರು. ಇಂಥ ಮೇಡಂ ಸಿಗಲು ಪುಣ್ಯ ಬೇಕು, ಬಿಡಿ. ಕೊಂಪಿಯ ಚಿತ್ರ ಪ್ರಣಿತಾಳೇ ಬರೆದಳು.

ಮರುದಿನ ಪರದೆಯ ಮೇಲೆ ಅಜ್ಜ ಹೊಲ ಸುತ್ತಿ ಬಂದು ಕೊಂಪಿಯ ಮುಂದೆ ನಿಂತ. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನಿಲಂಗಾದ ನಂದಕುಮಾರ ಸರ್ ಮಾತ್ರ ತಲೆ ಕೆರೆದುಕೊಂಡರು.

“ನಮ್ಮ ಸಾಲ್ಯಾಗ ಅಂಗಡಿಕಾರರ ಮಕ್ಕಳೇ ಭಾಳ. ಅವರಿಗೆ ಹೊಲಾನೇ ಇಲ್ಲ. ಹ್ಯಾಂಗ ಕಲಸೋದು?”

ಅವರು ಮೇಡಂ ಕಡೆ ನೋಡಿದರು. ಮೇಡಂ ಪ್ರಣಿತಾಳ ಕಡೆ ನೋಡಿದರು.

“ಆ ಹುಡುಗರನ್ನೇ ಕೇಳ್ರೀ ಸರ್,” ಅಂದಳು ಪ್ರಣಿತಾ. “ಅವರ ಮನ್ಯಾಗ ಸುತ್ತು ಹಾಕೋದು ಏನೈತಿ ಅಂತ ಅವರಿಗೆ ಗೊತ್ತಿರತೈತಿ.”

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ನಿನ್ನೆ ಮೇಡಂ ಅಷ್ಟೆಲ್ಲ ಪ್ರಶ್ನೆ ಕೇಳಿದ್ದು ಅವಳ ಪರೀಕ್ಷೆ ಮಾಡುವುದಕ್ಕಲ್ಲ. ಚರಗದ ಸಂಗತಿ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪ್ರಣಿತಾ ಮೌಸ್ ಹಿಡಿದು, ಅಜ್ಜನನ್ನು ಇನ್ನೊಮ್ಮೆ ಹೊಲ ಸುತ್ತಲು ಕಳಿಸಿದಳು.